ಹಳೇ ರಾಕ್ ಆಲ್ಬಮ್‌ಗಳ ಹಿಂಬದಿಯ ಸಣ್ಣ ಅಕ್ಷರ: ನಿಮ್ಮ ಹತ್ತಿರ ಏನೇನಿದೆ?

ಹಳೇತಟ್ಟೆ
ಹೋದ ಭಾನುವಾರ ಒಂದು ರದ್ದಿ ಅಂಗಡಿಯಲ್ಲಿ ರಾಕ್ ಗಾಯಕ ನೀಲ್ ಯಂಗ್‌ನ 'ಡಿಕೇಡ್' ಸಿಕ್ಕಿತು. 1977ರದ್ದು, ಮೂರು ಎಲ್‌ಪಿಗಳ ಸೆಟ್. ಒಂದು ಪ್ಲೇಟಿನಲ್ಲಿ ಗೀರು ಜಾಸ್ತಿ, ರಟ್ಟಿನ ಒಂದು ಮೂಲೆ ಹುಳ ತಿಂದಿದೆ. ಆದರೂ ತಂದೆ. ಮನೆಗೆ ಬಂದವನು ಪ್ಲೇಯರ್ ಹತ್ತಿರ ಹೋಗಲೇ ಇಲ್ಲ. ಕವರ್ ಬಿಡಿಸಿಕೊಂಡು ಕಿಟಕಿ ಪಕ್ಕ ಕೂತು ಒಂದು ಗಂಟೆ ಓದಿದೆ.

ಅದರಲ್ಲಿ 35 ಹಾಡುಗಳಿವೆ. ಒಂದೊಂದು ಹಾಡಿನ ಬಗ್ಗೆಯೂ ಅವನದೇ ಕೈಬರಹದಲ್ಲಿ ಎರಡು ಮೂರು ಸಾಲು. ಅಚ್ಚು ಮೊಳೆಯ ಅಕ್ಷರ ಅಲ್ಲ, ಗೆಳೆಯನಿಗೆ ಕಾಗದ ಬರೆದ ಹಾಗಿದೆ. 'ಹಾರ್ಟ್ ಆಫ್ ಗೋಲ್ಡ್' ಗೊತ್ತಲ್ವಾ, 1972ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡು. ಬೇರೆ ಯಾರೇ ಆಗಿದ್ದರೂ ಅದರ ಬಗ್ಗೆ ಹೆಮ್ಮೆಯಿಂದ ಬರೆಯುತ್ತಿದ್ದರು. ಇವನು ಬರೆದದ್ದು ಹೀಗೆ: ಈ ಹಾಡು ನನ್ನನ್ನು ರಸ್ತೆಯ ನಡುಮಧ್ಯಕ್ಕೆ ತಂದು ಬಿಟ್ಟಿತು, ಅಲ್ಲಿ ಓಡಾಡಿ ಬೇಗ ಬೇಜಾರಾಯಿತು, ಅದಕ್ಕೆ ಪಕ್ಕದ ಹಳ್ಳಕ್ಕೆ ಇಳಿದೆ. ಅಲ್ಲಿ ದಾರಿ ಒರಟು, ಆದರೆ ಸಿಕ್ಕ ಜನ ಇನ್ನೂ ಸ್ವಾರಸ್ಯದವರು.

'ಒಹಾಯೋ' ಬಗ್ಗೆ ಬರೆದದ್ದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳು ಸತ್ತರು. ಆ ಸಿಟ್ಟಿನಲ್ಲಿ ಹುಟ್ಟಿದ ಹಾಡು ಅದು. ಇಂಥ ಹಾಡು ಬರೆಯಬೇಕಾಗಿ ಬಂತು ಅನ್ನುವುದನ್ನು ಈಗಲೂ ನಂಬೋಕೆ ಆಗಲ್ಲ ಅಂತ ಬರೆದಿದ್ದಾನೆ. ಆ ಹುಡುಗರ ಸಾವಿನಿಂದ ತನಗೆ ಲಾಭ ಆಯಿತಲ್ಲ ಅನ್ನುವ ಮಾತನ್ನೂ ಮುಚ್ಚಿಟ್ಟಿಲ್ಲ. ಕೊನೆಯ ಸಾಲು: ಈ ಟೇಕ್ ಮುಗಿದ ಮೇಲೆ ಡೇವಿಡ್ ಕ್ರಾಸ್ಬಿ (ಅವನ ಜೊತೆ ಹಾಡಿದವನು) ಅತ್ತ.

ಇಪ್ಪತ್ತು ವರ್ಷದಿಂದ ಈ ಹಾಡು ಕೇಳುತ್ತಿದ್ದೇನೆ. ಆ ಅಳುವಿನ ವಿಷಯ ಗೊತ್ತಿರಲಿಲ್ಲ. ಈಗ ಕೊನೆಯಲ್ಲಿ ಕ್ರಾಸ್ಬಿ ಕೂಗುವುದು ನನಗೆ ಬೇರೆ ಥರ ಕೇಳಿಸುತ್ತದೆ.

ನಿಮ್ಮ ಹತ್ತಿರ ಇರುವ ಹಳೇ ಆಲ್ಬಮ್‌ಗಳನ್ನು ತಿರುಗಿಸಿ ನೋಡಿ. ಹಿಂಬದಿ, ಒಳಕವರ್, ಲೇಬಲ್, ಎಲ್ಲಿದ್ದರೂ ಸರಿ. ಏನು ಬರೆದಿದೆ ಅಂತ ಇಲ್ಲಿ ಹಾಕಿ.

ಸೂಜಿಮೊನೆ
ನನ್ನದು ಕ್ವೀನ್ ತಂಡ. 1973ರ ಅವರ ಮೊದಲ ಆಲ್ಬಮ್‌ನ ಹಿಂಬದಿಯಲ್ಲಿ ಒಂದು ಪುಟ್ಟ ಸಾಲು ಇದೆ: ಸಿಂಥಸೈಸರ್ (ವಿದ್ಯುತ್ತಿನಿಂದ ದನಿ ಹುಟ್ಟಿಸುವ ವಾದ್ಯ) ಯಾರೂ ನುಡಿಸಿಲ್ಲ. ಮುಂದಿನ ಆಲ್ಬಮ್‌ನಲ್ಲಿ 'ಈ ಸಲವೂ' ಅಂತ ಸೇರಿಸಿ ಅದನ್ನೇ ಮತ್ತೆ ಬರೆದರು.

ಯಾಕೆ ಬರೆಯಬೇಕಿತ್ತು ಅಂದರೆ, ಅವರ ಗಿಟಾರ್ ವಾದಕ ಬ್ರಯಾನ್ ಮೇ ಗಿಟಾರಿನ ಮೇಲೆ ಗಿಟಾರು ಪದರ ಪದರವಾಗಿ ರೆಕಾರ್ಡ್ ಮಾಡುತ್ತಿದ್ದ. ಕೇಳಿದವರಿಗೆ ಅದು ಯಂತ್ರದ ಸದ್ದು ಅನ್ನಿಸುತ್ತಿತ್ತು. ಆ ಗಿಟಾರನ್ನು ಅವನು ಅಪ್ಪನ ಜೊತೆ ಸೇರಿ ಮನೆಯಲ್ಲೇ ಮಾಡಿಕೊಂಡಿದ್ದ. ಅದರ ಕುತ್ತಿಗೆಗೆ ಹಾಕಿದ್ದು ಹಳೇ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ. ಅಷ್ಟು ಕಷ್ಟಪಟ್ಟು ಕೈಯಲ್ಲಿ ನುಡಿಸಿದ್ದನ್ನು ಜನ ಯಂತ್ರ ಅಂದುಕೊಂಡರೆ ಯಾರಿಗಾದರೂ ಉರಿಯುತ್ತದೆ.

ನನಗೆ ಇಷ್ಟ ಆಗಿದ್ದು ಇದರ ಮುಂದಿನ ಕಥೆ. 1980ರಲ್ಲಿ 'ದಿ ಗೇಮ್' ಬಂತು. ಅದರಲ್ಲಿ ಸಿಂಥಸೈಸರ್ ಬಳಸಿದರು. ಸುಮ್ಮನಿರಬಹುದಿತ್ತು, ಯಾರು ಕೇಳುತ್ತಿದ್ದರು? ಆದರೆ ಅದನ್ನೂ ಕವರ್ ಮೇಲೆ ಬರೆದರು. ಕ್ವೀನ್ ಆಲ್ಬಮ್‌ನಲ್ಲಿ ಸಿಂಥಸೈಸರ್ ಬಂದಿರುವುದು ಇದೇ ಮೊದಲು, ಅದು ಓಬರ್‌ಹೈಮ್ ಓಬಿ-ಎಕ್ಸ್ ಅಂತ ಮಾಡೆಲ್ ಸಮೇತ. ಏಳು ವರ್ಷ ಹೇಳಿಕೊಂಡು ಬಂದ ಮಾತನ್ನು ಮುರಿಯುವಾಗ ಕೇಳುಗನಿಗೆ ತಿಳಿಸಿಯೇ ಮುರಿದರು. ಅದು ನನಗೆ ತುಂಬಾ ದೊಡ್ಡ ವಿಷಯ.

ಇನ್ನೊಂದು. ಮೊದಲ ಆಲ್ಬಮ್‌ನಲ್ಲಿ ಬಾಸ್ ನುಡಿಸಿದವನ ಹೆಸರು 'ಡೀಕನ್ ಜಾನ್' ಅಂತಿದೆ. ಅವನ ಹೆಸರು ಜಾನ್ ಡೀಕನ್! ಹಿಂದುಮುಂದು ಮಾಡಿದರೆ ಗತ್ತು ಬರುತ್ತದೆ ಅಂತ ಹಾಗೆ ಹಾಕಿದ್ದರು. ಎರಡನೇ ಆಲ್ಬಮ್‌ಗೆ ಸರಿಹೋಯಿತು.

ಪಣಂಬೂರು ಅಲೆ
ಕ್ವೀನ್ ಬಂತಲ್ಲ, ಒಂದು ಸೇರಿಸುತ್ತೇನೆ. 1985ರಲ್ಲಿ ಅವರ ಗಾಯಕ ಫ್ರೆಡ್ಡಿ ಮರ್ಕ್ಯುರಿ ಒಬ್ಬನೇ ಮಾಡಿದ 'ಮಿಸ್ಟರ್ ಬ್ಯಾಡ್ ಗೈ' ನೋಡಿ. ಆಲ್ಬಮ್ ಅರ್ಪಣೆ ಅವನ ಬೆಕ್ಕು ಜೆರ್ರಿಗೆ. ಜೊತೆಗೆ ಟಾಮ್, ಆಸ್ಕರ್, ಟಿಫನಿ, ಆಮೇಲೆ ಇಡೀ ವಿಶ್ವದ ಬೆಕ್ಕುಪ್ರಿಯರಿಗೆ. ಉಳಿದವರೆಲ್ಲ ಹಾಳಾಗಿ ಹೋಗಿ ಅಂತ ಅಲ್ಲೇ ಬರೆದಿದೆ. ನಮ್ಮನೆಯಲ್ಲೂ ಎರಡು ಬೆಕ್ಕಿವೆ. ಆ ಸಾಲು ಓದಿದ ದಿನದಿಂದ ಪಂಚಗಣಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದ ಈ ಹುಡುಗ ನಮ್ಮನೆಯವನೇ ಆಗಿಬಿಟ್ಟ.

ಆದರೆ ಒಂದು ಮಾತು ಹೇಳಲೇಬೇಕು. ಹಳೇದು ಅಂದ ಮಾತ್ರಕ್ಕೆ ಎಲ್ಲ ಚೆಂದ ಅಲ್ಲ. 1965ರ 'ದಿ ರೋಲಿಂಗ್ ಸ್ಟೋನ್ಸ್ ನಂ. 2' ತೆಗೆದುಕೊಳ್ಳಿ. ಹಿಂಬದಿಯಲ್ಲಿ ಬರೆದವನು ಮ್ಯಾನೇಜರ್ ಆಂಡ್ರೂ ಲೂಗ್ ಓಲ್ಡ್‌ಹ್ಯಾಮ್. ಈ ರೆಕಾರ್ಡ್ ಕೊಳ್ಳೋಕೆ ದುಡ್ಡಿಲ್ಲದಿದ್ದರೆ ಒಬ್ಬ ಕುರುಡನನ್ನು ಹೊಡೆದು ಅವನ ಪರ್ಸ್ ಕಿತ್ತುಕೊಳ್ಳಿ ಅನ್ನುವ ಅರ್ಥದ ಮಾತು ಬರೆದ. ಗಲಾಟೆ ಆಯಿತು. ಡೆಕ್ಕಾ ಕಂಪನಿ ಮುಂದಿನ ಪ್ರತಿಗಳಲ್ಲಿ ಆ ಸಾಲು ತೆಗೆದುಹಾಕಿತು. ತಮಾಷೆ ಅಂತ ಅವನು ಅಂದುಕೊಂಡಿರಬಹುದು. ನನ್ನ ದೊಡ್ಡಪ್ಪನಿಗೆ ಕಣ್ಣು ಕಾಣುತ್ತಿರಲಿಲ್ಲ. ಅದನ್ನು ಓದಿದಾಗ ನನಗೆ ನಗು ಬರಲಿಲ್ಲ.

ಹಳೇತಟ್ಟೆ
@ಪಣಂಬೂರು ಅಲೆ, ನಿಮ್ಮ ಮಾತು ಒಪ್ಪುತ್ತೇನೆ. ಅದೇ ಆಸುಪಾಸಿನಲ್ಲಿ ಬಂದ ಇನ್ನೊಂದು ಬರಹ ಇದೆ. 1964ರ ಡಿಸೆಂಬರ್‌ನ 'ಬೀಟಲ್ಸ್ ಫಾರ್ ಸೇಲ್'. ಬರೆದವನು ಡೆರೆಕ್ ಟೇಲರ್, ಬೀಟಲ್ಸ್‌ನ ಪತ್ರಿಕಾ ವ್ಯವಹಾರ ನೋಡುತ್ತಿದ್ದವನು. ಮುಂದೊಂದು ದಿನ ಶನಿಗ್ರಹಕ್ಕೆ ಪಿಕ್ನಿಕ್ ಹೋದ, ಮೈಯಿಂದ ವಿಕಿರಣ ಸೂಸುವ, ಚುಟ್ಟಾ ಸೇದುವ ಒಂದು ಮಗು ನಿಮ್ಮನ್ನು ಈ ಬೀಟಲ್ಸ್ ಗಲಾಟೆ ಏನು ಅಂತ ಕೇಳಿದರೆ, ಉದ್ದ ಕೂದಲು, ಕಿರುಚಾಟ ಎಲ್ಲ ವಿವರಿಸೋಕೆ ಹೋಗಬೇಡಿ, ಈ ರೆಕಾರ್ಡ್‌ನ ಕೆಲವು ಹಾಡು ಹಾಕಿ, ಅದಕ್ಕೆ ಅರ್ಥ ಆಗುತ್ತೆ ಅಂತ ಬರೆದ. ಪ್ರಚಾರದ ಬರಹವೇ, ಸರಿ. ಆದರೆ ಅದರಲ್ಲಿ ಪ್ರೀತಿ ಇದೆ. ಬೀಟಲ್ಸ್ ಇನ್ನೂ ಎರಡು ವರ್ಷ ಉಳಿಯುತ್ತೋ ಇಲ್ಲವೋ ಅಂತ ಜನ ಅನ್ನುತ್ತಿದ್ದ ಕಾಲದಲ್ಲಿ ಒಬ್ಬ ಅಷ್ಟು ಧೈರ್ಯವಾಗಿ ಹೇಳಿದ್ದಾನೆ.

ಧಾರವಾಡ ಬಾಸ್
ಜೆಥ್ರೋ ಟಲ್ ತಂಡದ ಹೆಸರು ಇನ್ನೂ ಯಾರೂ ಎತ್ತಿಲ್ಲವಲ್ಲ! 1972ರ 'ಥಿಕ್ ಆ್ಯಸ್ ಎ ಬ್ರಿಕ್' ಕವರ್ ಒಂದು ಕವರೇ ಅಲ್ಲ. ಅದು ಪೂರ್ತಿ ದಿನಪತ್ರಿಕೆ. 12 ಪುಟ. ಹೆಸರು 'ಸೇಂಟ್ ಕ್ಲೀವ್ ಕ್ರಾನಿಕಲ್', ತಾರೀಖು 7 ಜನವರಿ 1972, ಬೆಲೆ 3 ಪೆನ್ಸ್. ಅಂಥ ಊರೂ ಇಲ್ಲ, ಅಂಥ ಪತ್ರಿಕೆಯೂ ಇಲ್ಲ.

ಮುಖಪುಟದ ಸುದ್ದಿ: ಜೆರಾಲ್ಡ್ ಬೋಸ್ಟಾಕ್ ಅನ್ನುವ ಎಂಟು ವರ್ಷದ ಹುಡುಗ ಬರೆದ ಕವಿತೆಗೆ ಬಹುಮಾನ ಬಂತು, ಜನ ಆಕ್ಷೇಪ ಎತ್ತಿದ್ದಕ್ಕೆ ವಾಪಸ್ ತೆಗೆದುಕೊಂಡರು. ಆ ಕವಿತೆಯೇ ಆಲ್ಬಮ್‌ನ ಸಾಹಿತ್ಯ. ತಂಡದ ಗಾಯಕ ಇಯಾನ್ ಆಂಡರ್ಸನ್ ಹೆಸರಿನ ಜೊತೆ ಈ ಇಲ್ಲದ ಹುಡುಗನ ಹೆಸರನ್ನೂ ಬರೆದವರ ಜಾಗದಲ್ಲಿ ಹಾಕಿದ್ದಾರೆ. ಒಳಗೆ ಪದಬಂಧ ಇದೆ, ಚುಕ್ಕಿ ಸೇರಿಸುವ ಚಿತ್ರ ಇದೆ, ಊರಿನ ಸಣ್ಣಪುಟ್ಟ ಸುದ್ದಿ ಇದೆ. ಈ ಆಲ್ಬಮ್‌ನ ವಿಮರ್ಶೆಯನ್ನೂ ಒಳಗೇ ಅಚ್ಚು ಮಾಡಿದ್ದಾರೆ! ಇದನ್ನು ಮಾಡೋಕೆ ಹಾಡು ಮಾಡಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು ಅಂತ ಆಂಡರ್ಸನ್ನೇ ಹೇಳಿದ್ದಾನೆ.

ಕಾಲೇಜಿನಲ್ಲಿದ್ದಾಗ ಹಾಸ್ಟೆಲ್ ಸೀನಿಯರ್ ಒಬ್ಬರ ಹತ್ತಿರ ಈ ಎಲ್‌ಪಿ ಇತ್ತು. ಸಂಜೆ ಅವರ ರೂಮಿಗೆ ಹೋಗುತ್ತಿದ್ದೆವು. ಹಾಡು ಒಂದೇ, ಎರಡೂ ಬದಿ ಸೇರಿ 43 ನಿಮಿಷದ ಮೇಲೆ. ಅದು ಮುಗಿಯುವ ತನಕ ನಾವು ನಾಲ್ಕು ಜನ ಹಾಸಿಗೆ ಮೇಲೆ ಪತ್ರಿಕೆ ಹರಡಿಕೊಂಡು ಒಬ್ಬೊಬ್ಬರು ಒಂದೊಂದು ಪುಟ ಓದುತ್ತಿದ್ದೆವು. ಡಿಕ್ಷನರಿ ಪಕ್ಕದಲ್ಲೇ ಇರುತ್ತಿತ್ತು. ಕನ್ನಡ ಮೀಡಿಯಂನಿಂದ ಬಂದವನು ನಾನು. ಇಂಗ್ಲಿಷ್ ಕಲಿಸಿದ್ದು ಕ್ಲಾಸ್ ಅಲ್ಲ, ಆ 12 ಪುಟ. ಊರಿನ ಪತ್ರಿಕೆ ಹೇಗೆ ಮಾತಾಡುತ್ತೆ, ಅದನ್ನು ಅಣಕಿಸಿದರೆ ಹೇಗಿರುತ್ತೆ ಅಂತ ಅರ್ಥ ಆಗೋಕೆ ಒಂದು ಸೆಮಿಸ್ಟರ್ ಬೇಕಾಯಿತು. ಅರ್ಥ ಆದ ದಿನ ಎಷ್ಟು ನಕ್ಕೆವೋ!

ಕ್ಯಾಸೆಟ್ ಕಾಲ
ನೀವೆಲ್ಲ ಎಲ್‌ಪಿ ಮಾತಾಡುತ್ತಿದ್ದೀರಿ. ದಾವಣಗೆರೆಯಲ್ಲಿ ನಮಗೆ ಸಿಕ್ಕಿದ್ದು ಕ್ಯಾಸೆಟ್, ಅದೂ ಜಾಸ್ತಿ ಖಾಲಿ ಕ್ಯಾಸೆಟ್‌ಗೆ ತುಂಬಿಸಿಕೊಂಡದ್ದು. ಬೆಂಗಳೂರಿನಲ್ಲಿ ಓದುತ್ತಿದ್ದ ಅಣ್ಣ ಗೆಳೆಯರಿಂದ ಇಸಿದುಕೊಂಡು ಡಬ್ ಮಾಡಿ ತರುತ್ತಿದ್ದ. ಕವರ್ ಇರುತ್ತಿರಲಿಲ್ಲ. ಹಾಗಾಗಿ ಅಣ್ಣನೇ ಬರೆಯುತ್ತಿದ್ದ. ಒಳಗಿನ ಗೆರೆ ಹಾಕಿದ ಕಾಗದದ ಮೇಲೆ ನೀಲಿ ಇಂಕಿನಲ್ಲಿ, ಕನ್ನಡದಲ್ಲಿ. ಹಾಡಿನ ಹೆಸರು, ಹಾಡಿದವರು, ಗಿಟಾರ್, ಡ್ರಮ್ಸ್. ಗೊತ್ತಿಲ್ಲದ ಕಡೆ ಪ್ರಶ್ನೆ ಚಿಹ್ನೆ. ಕೆಲವು ಕಡೆ ಅವನ ಅಭಿಪ್ರಾಯವೂ ಇರುತ್ತಿತ್ತು: 'ರಾತ್ರಿ ದೀಪ ಆರಿಸಿ ಕೇಳು', 'ಬಿ ಬದಿ ಮೊದಲು'.

ಅವೆಲ್ಲ ಇನ್ನೂ ಒಂದು ಬಿಸ್ಕೆಟ್ ಡಬ್ಬಿಯಲ್ಲಿವೆ. ನಿನ್ನೆ ಈ ಚರ್ಚೆ ಓದಿ ತೆಗೆದೆ. ಪಿಂಕ್ ಫ್ಲಾಯ್ಡ್‌ನ 'ಡಾರ್ಕ್ ಸೈಡ್ ಆಫ್ ದಿ ಮೂನ್' ಕ್ಯಾಸೆಟ್‌ನಲ್ಲಿ ಎ ಬದಿಯ ಕೊನೆಯ ಹಾಡಿನ ಮುಂದೆ ಹೀಗೆ ಬರೆದಿದ್ದಾನೆ: 'ಹಾಡಿದವರು: ಒಬ್ಬ ಹೆಂಗಸು?' ಆ ಹಾಡಿನಲ್ಲಿ ಪದಗಳೇ ಇಲ್ಲ, ಬರೀ ದನಿ. ಕೇಳಿದರೆ ಈಗಲೂ ಮೈ ಜುಮ್ ಅನ್ನುತ್ತೆ. ಯಾರು ಆಕೆ?

ಹೊಸ ಕಿವಿ
ನನಗೆ 21 ವರ್ಷ. ಎಲ್ಲ ಫೋನಿನಲ್ಲೇ ಕೇಳಿರುವುದು. ಆ್ಯಪ್‌ನಲ್ಲೂ ಹೆಸರಿನ ಪಟ್ಟಿ ಕೊಡುತ್ತಾರೆ, ಆದರೆ ಬರೀ ಪಟ್ಟಿ. ಕ್ರಾಸ್ಬಿ ಅತ್ತ, ಬೆಕ್ಕಿಗೆ ಅರ್ಪಣೆ, ಇಂಥದ್ದು ಯಾವುದೂ ಇರಲ್ಲ. ಇದನ್ನೆಲ್ಲ ಓದುತ್ತಾ ಇದ್ದರೆ ನನಗೆ ಇಷ್ಟು ದಿನ ಅರ್ಧ ಆಲ್ಬಮ್ ಮಾತ್ರ ಸಿಕ್ಕಿದೆ ಅನ್ನಿಸುತ್ತಿದೆ. ಓದೋಕೆ ಅಂತಲೇ ಒಂದು ಆಲ್ಬಮ್ ಕೊಳ್ಳಬೇಕು ಅಂದರೆ ಯಾವುದು?

ಸೂಜಿಮೊನೆ
@ಹೊಸ ಕಿವಿ, ಫ್ರ್ಯಾಂಕ್ ಝಪ್ಪಾ ಮತ್ತು ಮದರ್ಸ್ ಆಫ್ ಇನ್ವೆನ್ಷನ್‌ನ 'ಫ್ರೀಕ್ ಔಟ್!', 1966. ಕಣ್ಣು ಮುಚ್ಚಿಕೊಂಡು ಕೊಳ್ಳಿ. ಒಳಗೆ 179 ಹೆಸರುಗಳ ಪಟ್ಟಿ ಇದೆ. ನಮ್ಮ ಸಂಗೀತ ಹೀಗಾಗೋಕೆ ಇವರೆಲ್ಲ ಕಾರಣ, ದಯವಿಟ್ಟು ಅದಕ್ಕಾಗಿ ಅವರ ಮೇಲೆ ಸಿಟ್ಟಾಗಬೇಡಿ ಅಂತ ತಲೆಬರಹ. ಅದರಲ್ಲಿ ನಮ್ಮ ರವಿಶಂಕರ್ ಹೆಸರೂ ಇದೆ. ಬೆರಳಿಟ್ಟು ಹುಡುಕಿ, ಸಿಕ್ಕಾಗ ಆಗುವ ಖುಷಿಯೇ ಬೇರೆ. ಆಮೇಲೆ ಆ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಹೋಗಬಹುದು. ಬ್ಲೂಸ್, ಜಾಝ್, ವರೇಸ್‌ನಂಥ ಸಂಯೋಜಕರು, ಎಲ್ಲ ಇದ್ದಾರೆ. ನಾನು ಹಾಗೇ ಮಾಡಿದ್ದು.

ಅವನೇ 1968ರ 'ವಿ ಆರ್ ಓನ್ಲಿ ಇನ್ ಇಟ್ ಫಾರ್ ದಿ ಮನಿ'ಯಲ್ಲಿ ಕೊನೆಯ ಟ್ರ್ಯಾಕ್ ಕೇಳುವ ಮುಂಚೆ ಕಾಫ್ಕಾನ 'ಇನ್ ದಿ ಪೀನಲ್ ಕಾಲನಿ' ಕಥೆ ಓದಿ ಬನ್ನಿ ಅಂತ ಹೋಮ್‌ವರ್ಕ್ ಕೊಟ್ಟಿದ್ದಾನೆ. ನಾನು ಓದಿದೆ. ಓದಿದ ಮೇಲೆ ಕೇಳಿದರೆ ಆ ಟ್ರ್ಯಾಕ್ ನಿಜವಾಗಲೂ ಹೆದರಿಸುತ್ತದೆ.

ಯಾರ್ಕ್‌ಷೈರ್ ಕನ್ನಡಿಗ
ನಾನಿರುವುದು ಲೀಡ್ಸ್‌ನಲ್ಲಿ, ಹಾಗಾಗಿ ಇದು ನನ್ನ ಪಾಲು. ದಿ ಹೂ ತಂಡದ 'ಲೈವ್ ಅಟ್ ಲೀಡ್ಸ್', 1970. ರೆಕಾರ್ಡ್ ಮಾಡಿದ್ದು ಫೆಬ್ರವರಿ 14ರಂದು, ಇಲ್ಲಿನ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ. ಈಗ ಅಲ್ಲಿ ಒಂದು ನೀಲಿ ಫಲಕ ಹಾಕಿದ್ದಾರೆ.

ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೊಂಡೆ. ಕಂದು ಬಣ್ಣದ ಬರೀ ರಟ್ಟು, ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ ಹೆಸರು. ಕಳ್ಳ ರೆಕಾರ್ಡ್ ಥರ ಕಾಣಲಿ ಅಂತ ಬೇಕಂತಲೇ ಹಾಗೆ ಮಾಡಿದ್ದು. ಒಳಗೆ 12 ಕಾಗದ ಇರಬೇಕು, ನನ್ನದರಲ್ಲಿ ಒಂಬತ್ತು ಉಳಿದಿವೆ. ವುಡ್‌ಸ್ಟಾಕ್ ಕಾರ್ಯಕ್ರಮದ ಕರಾರುಪತ್ರದ ನಕಲು ಇದೆ. ಇಎಂಐ ಕಂಪನಿ ಇವರನ್ನು ಬೇಡ ಅಂದ ಪತ್ರ ಕೂಡ ಇದೆ. ಬೇಡ ಅಂದವರ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡು, ಗೆದ್ದ ಮೇಲೆ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದಾರೆ ನೋಡಿ!

ಮನೆಗೆ ತಂದು ಹಾಕಿದರೆ ಚಟಪಟ ಸದ್ದು. ಸೂಜಿ ಒರೆಸಿದೆ, ಪ್ಲೇಟ್ ಒರೆಸಿದೆ, ಅಂಗಡಿಯವರನ್ನು ಬೈದುಕೊಂಡೆ. ಕೊನೆಗೆ ಪ್ಲೇಟ್ ಎತ್ತಿ ಲೇಬಲ್ ನೋಡಿದರೆ ಕೈಬರಹದಲ್ಲಿ ಬರೆದಿದೆ: ಚಟಪಟ ಸದ್ದು ಇರಲಿ, ಸರಿ ಮಾಡಬೇಡಿ! ಅದು ಮೂಲ ರೆಕಾರ್ಡಿಂಗ್‌ನಲ್ಲೇ ಇರುವ ಸದ್ದು. ಕಾರ್ಖಾನೆಯ ಎಂಜಿನಿಯರ್‌ಗಳು ದೋಷ ಅಂದುಕೊಂಡು ತೆಗೆಯದಿರಲಿ ಅಂತ ಬರೆದದ್ದು.

@ಕ್ಯಾಸೆಟ್ ಕಾಲ, ನೀವು ಕೇಳಿದವರ ಹೆಸರು ಕ್ಲೇರ್ ಟೋರಿ. ಹಾಡು 'ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ'. ಪೂರ್ತಿ ಕಥೆ ಹೇಳುತ್ತೇನೆ, ಇದು ಲೈನರ್ ನೋಟ್ಸ್‌ನದೇ (ಕವರ್ ಮೇಲಿನ ಬರಹದ್ದೇ) ಕಥೆ.

1973ರ ಜನವರಿ, ಒಂದು ಭಾನುವಾರ ಸಂಜೆ. ಅಲನ್ ಪಾರ್ಸನ್ಸ್ ಎಂಜಿನಿಯರ್, ಅವನಿಗೆ ಈ ಗಾಯಕಿಯ ದನಿ ಗೊತ್ತಿತ್ತು. ಕರೆಸಿದರು. ಸಾಹಿತ್ಯ ಇಲ್ಲ, ರಾಗ ಇಲ್ಲ, ಪಿಯಾನೋ ಮೇಲೆ ಏನಾದರೂ ಹಾಡಿ ಅಂದರು. ಆಕೆ ಮೊದಲು ಪದ ಹಾಕಿ ಶುರು ಮಾಡಿದರು, ಪದ ಬೇಡ ಅಂದರು. ಆಗ ನನ್ನ ದನಿಯೇ ಒಂದು ವಾದ್ಯ ಅಂದುಕೊಂಡು ಹಾಡಿದೆ ಅಂತ ಆಕೆಯೇ ಹೇಳಿದ್ದಾರೆ. ಎರಡು ಮೂರು ಟೇಕ್ ಅಷ್ಟೇ. ಭಾನುವಾರದ ದುಪ್ಪಟ್ಟು ದರದಲ್ಲಿ 30 ಪೌಂಡ್ ಕೊಟ್ಟರು. ಇದನ್ನು ಬಳಸಲ್ಲ ಬಿಡು ಅಂದುಕೊಂಡು ಮನೆಗೆ ಹೋದರು. ಬಳಸಿದ್ದಾರೆ ಅಂತ ಗೊತ್ತಾಗಿದ್ದು ರೆಕಾರ್ಡ್ ಅಂಗಡಿಯಲ್ಲಿ ಆಲ್ಬಮ್ ನೋಡಿ, ಕವರ್ ತೆರೆದು ತಮ್ಮ ಹೆಸರು ಓದಿದಾಗ.

ಆದರೆ ಅಲ್ಲಿ ಹಾಡಿದವರು ಅಂತ ಮಾತ್ರ ಇತ್ತು. ರಚನೆ ತಂಡದ ರಿಚರ್ಡ್ ರೈಟ್ ಒಬ್ಬರದೇ ಅಂತ ಇತ್ತು. ಆ ರಾಗ ಹುಟ್ಟಿದ್ದು ಆಕೆಯ ಗಂಟಲಲ್ಲಿ ಅಲ್ವಾ? 2004ರಲ್ಲಿ ಕೋರ್ಟಿಗೆ ಹೋದರು. 2005ರಲ್ಲಿ ರಾಜಿ ಆಯಿತು. ಅಲ್ಲಿಂದ ಈಚೆಗಿನ ಪ್ರತಿಗಳಲ್ಲಿ ರಚನೆಯ ಜಾಗದಲ್ಲಿ ರೈಟ್ ಜೊತೆ ಕ್ಲೇರ್ ಟೋರಿ ಹೆಸರೂ ಬರುತ್ತದೆ. ಹಳೇ ಪ್ರತಿ, ಹೊಸ ಪ್ರತಿ ಪಕ್ಕಪಕ್ಕ ಇಟ್ಟು ನೋಡಿ. ಒಂದು ಹೆಸರು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗೋಕೆ 32 ವರ್ಷ ಹಿಡಿಯಿತು.

ಹಳೇತಟ್ಟೆ
ಈ ವಿಷಯ ಬಂದಿದ್ದು ಒಳ್ಳೇದಾಯಿತು. ತಮಾಷೆ, ಕೈಬರಹ, ಬೆಕ್ಕು ಎಲ್ಲ ನನಗೂ ಇಷ್ಟ. ಆದರೆ ನಾನು ಭೂತಗನ್ನಡಿ ಹಿಡಿದು ಹುಡುಕುವುದು ಹೆಸರುಗಳನ್ನ.

ಬೀಟಲ್ಸ್‌ನ 1966ರ 'ರಿವಾಲ್ವರ್' ಹಿಂಬದಿ ನೋಡಿ. ಹಾಡುಗಳ ಪಟ್ಟಿಯ ನಡುವೆ ಅನಿಲ್ ಭಾಗವತ್, ತಬಲಾ ಅಂತ ಇದೆ. ಜಾರ್ಜ್ ಹ್ಯಾರಿಸನ್‌ನ 'ಲವ್ ಯು ಟು' ಹಾಡಿಗೆ ಲಂಡನ್ನಿನಲ್ಲಿ ನುಡಿಸಿದವರು. ಬೀಟಲ್ಸ್ ಹೊರಗಿನವರ ಹೆಸರು ಹಾಕುತ್ತಿದ್ದದ್ದು ತೀರಾ ಅಪರೂಪ. ಆ ಆಲ್ಬಮ್‌ನಲ್ಲಿ ತುತ್ತೂರಿ ಊದಿದವರು, ಪಿಟೀಲು ನುಡಿಸಿದವರು ಎಷ್ಟೋ ಜನ ಇದ್ದರು, ಅವರ ಹೆಸರಿಲ್ಲ. ತಬಲಾದವರ ಹೆಸರಿದೆ. ಅದನ್ನು ಮೊದಲು ಓದಿದಾಗ ಜೋರಾಗಿ ಅಪ್ಪನನ್ನು ಕರೆದು ತೋರಿಸಿದ್ದೆ. ಅಪ್ಪನಿಗೆ ರಾಕ್ ಅಂದರೆ ಆಗುತ್ತಿರಲಿಲ್ಲ, ಆದರೆ ಅವತ್ತು ಕನ್ನಡಕ ಹಾಕಿಕೊಂಡು ಬಂದು ನೋಡಿದರು. 'ಹಾಕು, ಕೇಳೋಣ' ಅಂದರು.

ಮಾರನೇ ವರ್ಷ 'ಸಾರ್ಜೆಂಟ್ ಪೆಪ್ಪರ್' ಬಂತು. ಹಾಡಿನ ಸಾಹಿತ್ಯ ಪೂರ್ತಿ ಹಿಂಬದಿಯಲ್ಲಿ ಅಚ್ಚು ಮಾಡಿದರು, ಕತ್ತರಿಸಿ ಅಂಟಿಸಿಕೊಳ್ಳೋಕೆ ಮೀಸೆ ಕೊಟ್ಟರು. 'ವಿದಿನ್ ಯು ವಿದೌಟ್ ಯು' ಹಾಡಿನಲ್ಲಿ ದಿಲ್‌ರುಬಾ, ತಬಲಾ, ತಂಬೂರಿ ನುಡಿಸಿದ ಭಾರತೀಯರ ಒಂದು ಹೆಸರೂ ಹಾಕಲಿಲ್ಲ. ಮೀಸೆಗೆ ಜಾಗ ಇತ್ತು, ಅವರಿಗೆ ಇರಲಿಲ್ಲ. ನನಗೆ ಆ ಆಲ್ಬಮ್ ಪ್ರಾಣ, ಆದರೂ ಇದು ಚುಚ್ಚುತ್ತದೆ.

ಪಣಂಬೂರು ಅಲೆ
ಹೆಸರು ಹಾಕೋಕೆ ಆಗದಾಗ ಮಾಡಿದ ಉಪಾಯಗಳೂ ಚೆಂದ. 1969ರ ಕ್ರೀಮ್ ತಂಡದ 'ಗುಡ್‌ಬೈ' ಆಲ್ಬಮ್‌ನಲ್ಲಿ 'ಬ್ಯಾಡ್ಜ್' ಹಾಡಿಗೆ ಗಿಟಾರ್ ನುಡಿಸಿದವರು 'ಲಾಂಜೆಲೊ ಮಿಸ್ಟೀರಿಯೊಸೊ' ಅಂತಿದೆ. ಅದು ಜಾರ್ಜ್ ಹ್ಯಾರಿಸನ್. ಬೇರೆ ಕಂಪನಿಯ ಕರಾರಿನಲ್ಲಿ ಇದ್ದದ್ದಕ್ಕೆ ಸ್ವಂತ ಹೆಸರು ಹಾಕುವ ಹಾಗಿರಲಿಲ್ಲ. ಮುಂದೆ ಗೆಳೆಯರ ಆಲ್ಬಮ್‌ಗಳಲ್ಲಿ 'ಹರಿ ಜಾರ್ಜ್‌ಸನ್' ಅಂತಲೂ ಬಂದ. ಹರಿ ಅನ್ನುವ ಹೆಸರನ್ನು ಅವನು ಪ್ರೀತಿಯಿಂದಲೇ ಇಟ್ಟುಕೊಂಡದ್ದು.

ಧಾರವಾಡ ಬಾಸ್
@ಹಳೇತಟ್ಟೆ, ನೀಲ್ ಯಂಗ್‌ನಿಂದ ಶುರು ಮಾಡಿದಿರಿ, ಅವನದೇ 'ಟುನೈಟ್ಸ್ ದಿ ನೈಟ್' ಸಿಕ್ಕರೆ ಬಿಡಬೇಡಿ. 1975ರದ್ದು. ಮಾದಕ ವಸ್ತುವಿನಿಂದ ಸತ್ತ ಇಬ್ಬರು ಗೆಳೆಯರಿಗಾಗಿ ಮಾಡಿದ ಆಲ್ಬಮ್. ಒಳಗಿನ ಹಾಳೆಯಲ್ಲಿ ಒಂದು ಉದ್ದನೆಯ ಲೇಖನ ಇದೆ, ಪೂರ್ತಿ ಡಚ್ ಭಾಷೆಯಲ್ಲಿ! ಅನುವಾದ ಇಲ್ಲ. ಜೊತೆಗೆ ಅವನ ಒಂದು ಮಾತು: ಕ್ಷಮಿಸಿ, ಈ ಜನ ನಿಮಗೆ ಗೊತ್ತಿಲ್ಲ, ನಿಮಗೆ ಇದರಲ್ಲಿ ಏನೂ ಇಲ್ಲ.

ಅದನ್ನು ಓದಿದ ಮೇಲೆ ಆ ಇಬ್ಬರ ಹೆಸರು ನಾನು ಮರೆತಿಲ್ಲ. ಡ್ಯಾನಿ ವಿಟನ್, ಬ್ರೂಸ್ ಬೆರಿ.

ಹೊಸ ಕಿವಿ
'ಫ್ರೀಕ್ ಔಟ್!' ಹುಡುಕೋಕೆ ಶುರು ಮಾಡಿದ್ದೇನೆ. ಸದ್ಯಕ್ಕೆ ನಿನ್ನೆ ರಾತ್ರಿ 'ಗ್ರೇಟ್ ಗಿಗ್' ಕೇಳಿದೆ. @ಕ್ಯಾಸೆಟ್ ಕಾಲ, ನಿಮ್ಮ ಅಣ್ಣ ಹೇಳಿದ ಹಾಗೆ ದೀಪ ಆರಿಸಿ.

ಕ್ಯಾಸೆಟ್ ಕಾಲ
@ಯಾರ್ಕ್‌ಷೈರ್ ಕನ್ನಡಿಗ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಅಣ್ಣ ಈಗ ಹುಬ್ಬಳ್ಳಿಯಲ್ಲಿ ಇದ್ದಾನೆ. ಫೋನ್ ಮಾಡಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ 'ಕಾಗುಣಿತ ಸರಿಯಾಗಿ ಹೇಳು' ಅಂದ. ಟೋರಿ, ಟಕ್ಕೆ ಓತ್ವ ಟೋ, ರಿ ಹ್ರಸ್ವ ಅಂತ ಹೇಳಿದೆ. 'ಬರೆದುಬಿಡು, ನನ್ನ ಅಕ್ಷರದ ಪಕ್ಕದಲ್ಲೇ' ಅಂದ.

ಪೆನ್ಸಿಲ್‌ನಲ್ಲಿ ಬರೆದೆ. ಅವನ ಪ್ರಶ್ನೆ ಚಿಹ್ನೆ ಅಳಿಸಿಲ್ಲ.